ಹೊಸ ಕೈಗೆ ಗಟ್ಟಿ ಕಾರು

ಭಾನುವಾರ ಬೆಳಿಗ್ಗೆ. ನಂಜನಗೂಡಿನಲ್ಲಿ ಕಪಿಲೆಯ ಕಡೆಗೆ ಇಳಿಯುವ ಒಂದು ಬೀದಿ. ಮನೆ ಮುಂದೆ ಬಿಳಿ ಬಣ್ಣದ ಸಣ್ಣ ಕಾರು ನಿಂತಿದೆ. ಮಾರುವವರು ‘ಸಂಜೆವರೆಗೆ ನೋಡಿಕೊಳ್ಳಿ’ ಎಂದು ಬಿಟ್ಟು ಹೋಗಿದ್ದಾರೆ. ತಿ. ನರಸೀಪುರದಿಂದ ಬಂದಿರುವ ತಂಗಿ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಅಣ್ಣ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಜಗಲಿ ಮೇಲೆ ಶುರುವಾದ ಮಾತು ಕಾರಿನ ಸುತ್ತ ಬಂದು ನಿಂತಿತು.

ತಂಗಿ: ಇದೇ ಅಣ್ಣ ಆ ಕಾರು. 2017ರದು. ಒಂದೂ ಮುಕ್ಕಾಲು ಲಕ್ಷ ಹೇಳ್ತಿದ್ದಾರೆ, ಚೌಕಾಸಿ ಮಾಡಿದ್ರೆ ಇನ್ನೊಂಚೂರು ಇಳೀತಾರೆ. ನಿನ್ನ ಸೊಸೆಗೆ ಹೋದ ತಿಂಗಳು ಹದಿನೆಂಟು ತುಂಬ್ತು, ಎಲ್‌ಎಲ್‌ಆರ್ ಕೈಗೆ ಬಂದಿದೆ. ಮೊದಲನೇ ಕಾರಲ್ವ, ಹಳೇದರಲ್ಲೇ ಕೈ ಪಳಗಲಿ. ಅಲ್ಲಿ ಇಲ್ಲಿ ಗುದ್ದಿದ್ರೂ ಉಜ್ಜಿದ್ರೂ ಹೊಟ್ಟೆ ಉರಿಯೋದಿಲ್ಲ. ಎರಡು ವರ್ಷ ಕಳೆದ ಮೇಲೆ ಒಳ್ಳೇದು ತಗೊಂಡ್ರಾಯ್ತು ಅಂತ.

ಅಣ್ಣ: ನೀನೊಬ್ಬಳೇ ಅಲ್ಲ ಕಣವ್ವ, ಊರೆಲ್ಲ ಇದೇ ಮಾತಾಡ್ತದೆ. ಕಾರಿಗೆ ಏಟು ಬಿದ್ರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿದ್ದೀಯ. ಒಳಗೆ ಕೂತ ಮಗೂಗೆ ಬಿದ್ರೆ? ಮನೆಯಲ್ಲಿ ಒಳ್ಳೇ ಕಾರಿದ್ರೆ ಅದನ್ನ ಇಪ್ಪತ್ತು ವರ್ಷ ಓಡಿಸಿದ ಅಪ್ಪ ಇಟ್ಕೊಳ್ತಾನೆ. ಮೊನ್ನೆ ಮೊನ್ನೆ ಕ್ಲಚ್ ಬಿಡೋದು ಕಲಿತ ಮಗು ತಗಡಿನ ಡಬ್ಬದಲ್ಲಿ ಹೋಗ್ತದೆ. ತಪ್ಪು ಮಾಡೋ ಸಂಭವ ಯಾರಿಗೆ ಜಾಸ್ತಿ ಹೇಳು. ಅವಳಿಗೇ ತಾನೇ? ಹಂಗಾದ್ರೆ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಗಾಡಿ ಸಿಗಬೇಕಾದ್ದೂ ಅವಳಿಗೇ.

ತಂಗಿ: ಅಷ್ಟು ದೂರ ನಾನು ಯೋಚನೆ ಮಾಡ್ಲಿಲ್ಲ.

ಅಣ್ಣ: ಅದಕ್ಕೂ ಮುಂಚೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಕಾರು ಯಾಕೆ? ಶಕ್ತಿ ಯೋಜನೆ ಬಂದು, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ನಾನು ಬಸ್ಸಿನವನು ಅಂತ ಹೇಳ್ತಿಲ್ಲ. ನಿಮ್ಮೂರಿಂದ ಮೈಸೂರಿಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಆ ದಾರಿಗೆ ಬಸ್ಸಿಗಿಂತ ಕ್ಷೇಮದ ಗಾಡಿ ಇನ್ನೊಂದಿಲ್ಲ.

ತಂಗಿ: ಕಾಲೇಜಿಗೆ ಬಸ್ಸಲ್ಲೇ ಹೋಗ್ತಾಳಣ್ಣ, ಮುಂದೂ ಹಂಗೇ ಹೋಗ್ತಾಳೆ. ಕಾರು ನಮ್ಮತ್ತೆಗೋಸ್ಕರ. ವಾರಕ್ಕೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಬಸ್ ಹತ್ತೋಕೆ ಅವರ ಕೈಲಾಗಲ್ಲ. ಇವರು ಬೆಂಗಳೂರಲ್ಲಿ, ಬರೋದು ಭಾನುವಾರ. ಸಲಸಲಕ್ಕೂ ಬಾಡಿಗೆ ಕಾರು ಮಾಡಿ ಮಾಡಿ ಸಾಕಾಗಿದೆ.

ಅಣ್ಣ: ಹಂಗಾದ್ರೆ ಕಾರು ಬೇಕು, ಒಪ್ಪಿದೆ. ಹದಿನೆಂಟು ತುಂಬೋ ತನಕ ಕೀ ಕೊಡದೆ ತಡೆದ್ಯಲ್ಲ, ಅದೊಂದು ಒಳ್ಳೇ ಕೆಲಸ ಮಾಡ್ದೆ. ನಮ್ಮ ಬೀದೀಲೇ ಹದಿನಾರರ ಹುಡುಗರು ಅಪ್ಪನ ಕಾರು ತೆಗೀತಾರೆ, ಅಪ್ಪ ಹೆಮ್ಮೆಯಿಂದ ಬಾಗಿಲಲ್ಲಿ ನಿಂತು ನೋಡ್ತಾನೆ. 2019ರಲ್ಲಿ ಕಾನೂನು ತಿದ್ದಿದ ಮೇಲೆ ಮೈನರ್ ಕೈಗೆ ಗಾಡಿ ಕೊಟ್ಟ ಅಪ್ಪನಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದರವರೆಗೆ ಲೈಸೆನ್ಸೇ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸಿದ ಪೋರ್ಷೆ ಕಾರು ಇಬ್ಬರು ಎಂಜಿನಿಯರುಗಳನ್ನ ಬಲಿ ತಗೊಳ್ತು. ಹೋಗ್ಲಿ, ಆ ಕೀ ಕೊಡು ಇಲ್ಲಿ. ಡ್ರೈವರ್ ಸೀಟಲ್ಲಿ ನೀನೇ ಕೂತ್ಕೊ. ಸ್ಟಾರ್ಟ್ ಮಾಡ್ಬೇಡ, ಕೀನ ಆನ್ ತನಕ ಮಾತ್ರ ತಿರುಗಿಸು. ಮೀಟರ್ ಬೋರ್ಡಲ್ಲಿ ಯಾವ ಯಾವ ದೀಪ ಹತ್ತಿದೆ ಹೇಳು.

ತಂಗಿ: ಬ್ಯಾಟರಿದು ಹತ್ತಿದೆ, ಎಣ್ಣೆ ಕ್ಯಾನಿನ ಥರದ್ದು ಒಂದು, ಹ್ಯಾಂಡ್‌ಬ್ರೇಕಿಂದು, ಹಳದಿ ಬಣ್ಣದಲ್ಲಿ ಎಂಜಿನ್ ಚಿತ್ರ, ಎಬಿಎಸ್ ಅಂತ ಇನ್ನೊಂದು. ಅದು ಈಗ ಆರಿತು.

ಅಣ್ಣ: ಕೂತಿರೋ ಮನುಷ್ಯ, ಅವನ ಎದೆ ಮುಂದೆ ದುಂಡಗೆ ಒಂದು ಚೆಂಡು. ಕೆಂಪು ಬಣ್ಣ. ಅಂಥದ್ದೇನಾದ್ರೂ ಬಂತಾ?

ತಂಗಿ: ಇಲ್ಲ.

ಅಣ್ಣ: ಆಫ್ ಮಾಡಿ ಇನ್ನೊಂದ್ಸಲ ಆನ್ ಮಾಡು. ಸರಿಯಾಗಿ ನೋಡು.

ತಂಗಿ: ಇಲ್ಲಣ್ಣ, ಬರ್ಲೇ ಇಲ್ಲ. ಬರದಿದ್ರೆ ಒಳ್ಳೇದಲ್ವ? ಕೆಂಪು ದೀಪ ಅಂದ್ರೆ ಏನೋ ಕೆಟ್ಟಿದೆ ಅಂತ ತಾನೇ?

ಅಣ್ಣ: ಎಲ್ಲರೂ ಮೋಸ ಹೋಗೋದು ಇಲ್ಲೇ. ಏರ್‌ಬ್ಯಾಗಿನ ದೀಪ ಕೀ ಆನ್ ಮಾಡಿದ ತಕ್ಷಣ ಹತ್ತಬೇಕು, ಐದಾರು ಸೆಕೆಂಡು ಇದ್ದು ತಾನಾಗೇ ಆರಬೇಕು. ಅಷ್ಟರಲ್ಲಿ ಕಾರು ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡು ‘ಏರ್‌ಬ್ಯಾಗ್ ಸರಿ ಇದೆ’ ಅಂತ ಹೇಳಿರ್ತದೆ. ಹತ್ತಿ ಹಂಗೇ ನಿಂತ್ರೆ ದೋಷ ಇದೆ. ಹತ್ತಲೇ ಇಲ್ಲ ಅಂದ್ರೆ ಅದಕ್ಕಿಂತ ಕಷ್ಟ. ಸ್ಟಿಯರಿಂಗ್ ಮೇಲೆ ನೋಡು, ಏರ್‌ಬ್ಯಾಗ್ ಅಂತ ಅಚ್ಚು ಇದೆ, ಅಂದ್ರೆ ಈ ಮಾಡೆಲ್‌ಗೆ ಏರ್‌ಬ್ಯಾಗ್ ಕೊಟ್ಟಿದ್ರು. ದೀಪ ಬರ್ತಿಲ್ಲ. ಎಲ್ಲೋ ಗುದ್ದಿ ಚೀಲ ಬಿಚ್ಕೊಂಡಿರಬಹುದು. ಹೊಸದು ಹಾಕಿಸೋಕೆ ದುಬಾರಿ ಅಂತ ಬರೀ ಮುಚ್ಚಳ ಕೂರಿಸಿ, ಕೆಂಪು ದೀಪ ಕಾಣಬಾರದು ಅಂತ ಅದನ್ನೇ ಕಿತ್ತಿರಬಹುದು. ಬೋನೆಟ್ ತೆಗಿ. ಇಲ್ನೋಡು, ಎಡಗಡೆ ಫೆಂಡರಿನ ಬೋಲ್ಟು. ಬಲಗಡೇದರ ಮೇಲೆ ಬಣ್ಣ ಸಾಫಾಗಿದೆ, ಇದರ ಮೂಲೆಯಲ್ಲೆಲ್ಲ ಬಣ್ಣ ಕಿತ್ತು ಕಬ್ಬಿಣ ಕಾಣ್ತಿದೆ. ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ಟಿಂಕರಿಂಗ್ ಆಗಿರೋ ಗಾಡಿ ಇದು.

ತಂಗಿ: ಅಯ್ಯೋ. ಮಾರೋರು ನಮ್ಮ ಇವರಿಗೆ ಗೊತ್ತಿರೋರೇ, ಅಂಥ ಜನ ಅಲ್ಲ.

ಅಣ್ಣ: ಅವರನ್ನ ನಾನೇನೂ ಅನ್ನಲ್ಲವ್ವ. ಅವರೂ ಇದನ್ನ ಇನ್ನೊಬ್ಬರ ಹತ್ರ ತಗೊಂಡಿರ್ತಾರೆ, ಅವರಿಗೂ ಗೊತ್ತಿರಲಿಕ್ಕಿಲ್ಲ. ಸೀಟ್‌ಬೆಲ್ಟ್ ಪೂರ್ತಿ ಎಳಿ, ಕೊನೇ ತನಕ. ಇಲ್ಲಿ ಅಂಚು ನೂಲು ಬಿಟ್ಟಿದೆ. ಈಗ ಬಿಟ್ಟು, ಜೋರಾಗಿ ಜಗ್ಗು. ತಕ್ಷಣ ಕಚ್ಕೊಳ್ಳಬೇಕು. ಹಾಂ, ಇದು ಕಚ್ತು. ಹಿಂದಿನ ಸೀಟಿನ ಬೆಲ್ಟುಗಳು ಎಲ್ಲಿ? ಸೀಟ್ ಕವರ್ ಕೆಳಗೆ ತುರುಕಿದ್ದಾರೆ. ನಿಮ್ಮತ್ತೆ ಕೂತ್ಕೊಳ್ಳೋದು ಅಲ್ಲೇ ಅಲ್ವ? 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಹತ್ರ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ದುಬಾರಿ ಬೆನ್ಜ್ ಕಾರು, ಹಿಂದಿನ ಸೀಟಲ್ಲಿ ಕೂತಿದ್ರು, ಬೆಲ್ಟ್ ಹಾಕಿರಲಿಲ್ಲ. ಅದೇ 2022ರಲ್ಲಿ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತೋರು 16,715 ಜನ, ಅದರಲ್ಲಿ ಹತ್ರಹತ್ರ ಅರ್ಧ ಜನ ಪ್ರಯಾಣಿಕರು. ಕೇಂದ್ರ ಸರ್ಕಾರದ್ದೇ ಲೆಕ್ಕ. ಕನ್ನಡಕ ಹಾಕ್ಕೊಂಡು ಈ ಟೈರ್ ಪಕ್ಕದಲ್ಲಿ ಓದು, ಕೋಳಿಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇದೆ.

ತಂಗಿ: 3216.

ಅಣ್ಣ: 2016ನೇ ಇಸವಿ, 32ನೇ ವಾರ. ಕಾರಿನ ಜೊತೆ ಬಂದ ಟೈರೇ ಇನ್ನೂ ಇದೆ. ಜಾಸ್ತಿ ಓಡಿಲ್ಲ, ಬಟನ್ ಚೆನ್ನಾಗೇ ಕಾಣ್ತದೆ. ಆದ್ರೆ ಪಕ್ಕದಲ್ಲಿ ಉಗುರಿಂದ ಒತ್ತು. ಗದ್ದೆ ಬಿರುಕು ಬಿಟ್ಟಂಗೆ ಸಣ್ಣ ಸಣ್ಣ ಗೆರೆ ಇಲ್ವ? ರಬ್ಬರ್ ಒಣಗಿ ಗಟ್ಟಿಯಾಗಿದೆ. ಮಳೇಲಿ ಬ್ರೇಕ್ ಹಾಕಿದ್ರೆ ಇದು ನೆಲ ಹಿಡಿಯಲ್ಲ. ಸಾಕು, ಡೋರ್ ಹಾಕು. ಈ ಕಾರು ಬೇಡ. ಸಂಜೆ ಕೀ ವಾಪಸ್ ಕೊಡು. ಏರ್‌ಬ್ಯಾಗಿನ ವಿಷಯ ಅವರಿಗೂ ಹೇಳು, ಅವರ ಮನೆಯೋರೂ ಇದರಲ್ಲೇ ಓಡಾಡ್ತಾರೆ.

ತಂಗಿ: ಹೇಳ್ತೀನಿ. ಆದ್ರೆ ಒಂದು ಅಣ್ಣ. ನಮ್ಮ ಕುರುಬೂರು ಹತ್ರ ಆದದ್ದು ನೆನಪಿದೆಯಾ? 2023ರ ಮೇ 29. ಬಳ್ಳಾರಿ ಕಡೆಯಿಂದ ಬಂದಿದ್ದ ಜನ, ಬಸ್ಸಿಗೆ ಮುಖಾಮುಖಿ. ಹತ್ತು ಜನ ಹೋದ್ರು, ಮಕ್ಕಳೂ ಇದ್ರು. ಅದು ಇನ್ನೋವಾ, ಸಣ್ಣ ಕಾರಲ್ಲ. ಆ ಸಾಯಂಕಾಲ ನಮ್ಮೂರಲ್ಲಿ ಯಾರ ಮನೇಲೂ ಸರಿಯಾಗಿ ಅನ್ನ ಇಳೀಲಿಲ್ಲ. ಅಷ್ಟು ದೊಡ್ಡ ಗಾಡಿಯೇ ಹಂಗಾದ್ರೆ ಗಟ್ಟಿ ಕಾರು ಅಂತ ಹುಡುಕಿ ಏನು ಬಂತು?

ಅಣ್ಣ: ಆ ರಸ್ತೆ ನಂಗೆ ಅಂಗೈ ಗೆರೆ ಇದ್ದಂಗೆ ತಂಗಿ. ಕೊಳ್ಳೇಗಾಲದ ರೂಟಲ್ಲಿ ಎಷ್ಟು ವರ್ಷ ಓಡಿಸಿದ್ದೀನಿ. ಎದುರಿಂದ ಬಸ್ಸು ಬಂದು ಹೊಡೆದ್ರೆ ಯಾವ ಕಂಪನಿ ಕಾರೂ ತಡೆಯಲ್ಲ, ಆ ಸುಳ್ಳು ನಿಂಗೆ ಹೇಳಲ್ಲ. ಕಾರುಗಳನ್ನ ಪರೀಕ್ಷೆಗೆ ಗುದ್ದಿಸೋದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಅಷ್ಟೇ. ವೇಗ ಎರಡರಷ್ಟಾದ್ರೆ ಏಟು ನಾಲ್ಕರಷ್ಟು. ನಲವತ್ತರಲ್ಲಿ ಹೋಗೋಳು ಎಂಬತ್ತಕ್ಕೆ ಏರಿದ್ರೆ ಏಟು ದುಪ್ಪಟ್ಟಾಗೋದಲ್ಲ, ನಾಲ್ಕು ಪಟ್ಟು. ನೀನು ಮಕ್ಕಳಿಗೆ ಈ ಲೆಕ್ಕ ಪಾಠ ಮಾಡೋಳು. ಆದ್ರೆ ಹೊಸಬರು ಮಾಡೋ ತಪ್ಪುಗಳಲ್ಲಿ ಬಹಳಷ್ಟು ಅದಕ್ಕಿಂತ ಸಣ್ಣವು. ತಿರುವಿನಲ್ಲಿ ಸ್ವಲ್ಪ ಜಾಸ್ತಿ ವೇಗ, ಮರಕ್ಕೆ ಹೊಡೆತ. ಹಂಪು ಕಾಣದೆ ಹಾರಿ ಮೋರಿ ಕಟ್ಟೆಗೆ. ಮುಂದಿನವನು ಗಕ್ಕನೆ ನಿಂತಾಗ ಹಿಂದಿಂದ ಗುದ್ದೋದು. ಅಂಥ ಕಡೆ ಒಳ್ಳೇ ಕಾರಿನಿಂದ ಮಗು ಅಳ್ತಾ ಇಳಿದು ಬರ್ತದೆ. ಕೆಟ್ಟ ಕಾರಿನಿಂದ ಬೇರೆಯೋರು ಇಳಿಸಬೇಕಾಗ್ತದೆ.

ತಂಗಿ: ಅದು ಒಳ್ಳೇದು ಇದು ಕೆಟ್ಟದ್ದು ಅಂತ ಹೊರಗಿಂದ ನಂಗೆ ಹೆಂಗೆ ಗೊತ್ತಾಗ್ಬೇಕು? ಎಲ್ಲಾ ಕಾರೂ ಥಳಥಳ ಅಂತವೆ.

ಅಣ್ಣ: ಗುದ್ದಿಸಿ ನೋಡಿದೋರ ಮಾತು ಕೇಳಬೇಕು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಮೊದಲನೇ ಸಲ ನಮ್ಮ ದೇಶದ ಕಾರುಗಳನ್ನ ಗುದ್ದಿಸ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳು. ಐದಕ್ಕೂ ಸೊನ್ನೆ ಸ್ಟಾರ್. ಆಮೇಲೆ ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದ್ರು, ನಾಲ್ಕು ಸ್ಟಾರ್ ಬಂತು. ಹೆಸರು ಒಂದೇ, ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ನಾಲ್ಕು. ಅದಕ್ಕೇ ‘ಇಂಥ ಕಂಪನಿ ಕಾರು ಗಟ್ಟಿ’ ಅನ್ನೋ ಮಾತನ್ನ ನಂಬಬೇಡ. ಯಾವ ಇಸವಿದು, ಯಾವ ವೇರಿಯಂಟು, ಅದನ್ನ ಕೇಳು.

ತಂಗಿ: ಅಂದ್ರೆ ಏರ್‌ಬ್ಯಾಗ್ ಇದ್ರೆ ಸಾಕಾ?

ಅಣ್ಣ: ಸಾಲದು. ಕಾರಿನ ಕಟ್ಟು ಗಟ್ಟಿ ಇರಬೇಕು. ಮೂತಿ ನಜ್ಜುಗುಜ್ಜಾಗಲಿ, ಅದು ಇರೋದೇ ನಜ್ಜಾಗೋಕೆ, ಏಟನ್ನ ತಾನು ತಿನ್ನೋಕೆ. ಕೂತಿರೋ ಜಾಗ ಕುಸೀಬಾರದು. ಅದು ಕುಸಿದು ಸ್ಟಿಯರಿಂಗ್ ಎದೆಗೇ ಬಂದ್ರೆ ಏರ್‌ಬ್ಯಾಗ್ ಇದ್ದೂ ಏನು ಪ್ರಯೋಜನ? ಸೆಕೆಂಡ್ ಹ್ಯಾಂಡಲ್ಲಿ ಸಿಗೋವು ಅಂದ್ರೆ, ನೆಕ್ಸಾನ್ 2018ರ ಡಿಸೆಂಬರ್‌ನಲ್ಲಿ ಐದು ಸ್ಟಾರ್ ತಗೊಳ್ತು, ನಮ್ಮ ದೇಶದಲ್ಲಿ ತಯಾರಾದ ಕಾರಿಗೆ ಐದು ಬಂದದ್ದು ಅದೇ ಮೊದಲು. 2020ರಲ್ಲಿ ಆಲ್ಟ್ರೋಜ್, ಎಕ್ಸ್‌ಯುವಿ 300, 2021ರಲ್ಲಿ ಪಂಚ್. ಅವೂ ಐದೇ. ಸಣ್ಣ ಬಜೆಟ್ಟಿಗೆ ಟಿಯಾಗೊ, 2020ರಲ್ಲಿ ನಾಲ್ಕು ಬಂದಿತ್ತು. 2024ರ ಕೊನೇಲಿ ಹೊಸ ಡಿಜೈರ್‌ಗೂ ಐದು ಬಂತು, ಅದು ಹೊಸ ಮಾಡೆಲ್‌ಗೆ, ಹಳೇ ಡಿಜೈರ್‌ಗಲ್ಲ. 2022ರಿಂದ ಪರೀಕ್ಷೆ ಇನ್ನೂ ಬಿಗಿ ಆಗಿದೆ. 2020ರ ನಾಲ್ಕು ಸ್ಟಾರೂ ಈಗಿನ ನಾಲ್ಕು ಸ್ಟಾರೂ ಒಂದೇ ತೂಕ ಅಲ್ಲ. 2023ರ ಅಕ್ಟೋಬರ್‌ನಿಂದ ನಮ್ಮ ಸರ್ಕಾರದ್ದೇ ಭಾರತ್ ಎನ್‌ಕ್ಯಾಪ್ ಶುರುವಾಗಿದೆ, ಅದನ್ನೂ ನೋಡು.

ತಂಗಿ: ಇಷ್ಟೆಲ್ಲ ನೆನಪಿಟ್ಕೊಂಡು ಹೋದ್ರೆ ಮಾರೋರು ನನ್ನನ್ನ ಆರ್‌ಟಿಒ ಅಂದ್ಕೋತಾರೆ.

ಅಣ್ಣ: ಅಂದ್ಕೊಳ್ಲಿ. ಒಂದು ಇಸವಿ ನೆನಪಿಟ್ಕೊ ಸಾಕು. 2019ರ ಜುಲೈ 1ರಿಂದ ಡ್ರೈವರ್‌ಗೆ ಏರ್‌ಬ್ಯಾಗ್ ಕಡ್ಡಾಯ ಆಯ್ತು, ಬ್ರೇಕ್ ಒತ್ತಿದಾಗ ಚಕ್ರ ಕಚ್ಕೊಳ್ಳದಂಗೆ ತಡೆಯೋ ಎಬಿಎಸ್ಸೂ ಆ ವರ್ಷವೇ. ಪಕ್ಕದ ಸೀಟಿಗೆ 2021ರ ಕೊನೆ ಹೊತ್ತಿಗೆ ಎಲ್ಲಾ ಕಾರಿಗೂ ಕಡ್ಡಾಯ. ಅದಕ್ಕೇ 2022 ಇಲ್ಲಾ ಅದರಿಂದೀಚೆಗೆ ತಯಾರಾದ ಕಾರು ನೋಡು. ಅದಕ್ಕೂ ಹಿಂದಿನದು ಬೇಕೇ ಬೇಕು ಅಂದ್ರೆ, ಎರಡು ಏರ್‌ಬ್ಯಾಗೂ ಎಬಿಎಸ್ಸೂ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡ. ಇನ್ನೊಂದು ಇಎಸ್‌ಸಿ ಅಂತ ಇದೆ. ಹತ್ತಾರು ಸಾವಿರ ಜಾಸ್ತಿ ಆದ್ರೂ ಅದಿರೋದೇ ತಗೊ ಅಂತೀನಿ.

ತಂಗಿ: ಅದೇನು?

ಅಣ್ಣ: ನಿಮ್ಮ ಕಡೆ ಸುಗ್ಗೀಲಿ ರಸ್ತೆ ಮೇಲೆ ಹುರುಳಿ ಹಾಸ್ತಾರಲ್ಲ, ಗಾಡಿಗಳು ಹತ್ತಿ ಕಾಳು ಉದುರಲಿ ಅಂತ. ಅದರ ಮೇಲೆ ಎಷ್ಟು ಬೈಕು ಜಾರಿದ್ದಾವೆ ನೀನೇ ನೋಡಿದ್ದೀಯ. ಕಾರೂ ಜಾರ್ತದೆ. ಒಣಗಿದ ಹುರುಳಿ ಬಳ್ಳಿ ಮೇಲೆ ಹೋಗ್ತಾ ಹೊಸಬಳು ಹೆದರಿ ಸ್ಟಿಯರಿಂಗ್ ಗಕ್ಕನೆ ತಿರುಗಿಸಿದ್ಲು ಅಂದ್ಕೊ. ಕಾರಿನ ಹಿಂಭಾಗ ಒಂದು ಕಡೆಗೆ ಎಳ್ಕೊಂಡು ಹೋಗ್ತದೆ. ಇಎಸ್‌ಸಿ ಇದ್ರೆ ಅದು ತಾನೇ ತಿಳ್ಕೊಂಡು, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನ ದಾರಿಗೆ ತರ್ತದೆ. ನಾವು ನಾಲ್ಕು ಚಕ್ರಕ್ಕೂ ಸೇರಿ ಒಂದೇ ಪೆಡಲ್ ಒತ್ತೋದು. ಒಂದೊಂದು ಚಕ್ರಕ್ಕೆ ಬೇರೆಬೇರೆ ಬ್ರೇಕ್ ಹಾಕೋದು ಎಂಥಾ ಡ್ರೈವರ್ ಕೈಲೂ ಆಗಲ್ಲ. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ ಎಲ್ಲಾ ಕಾರಿಗೂ ಕಡ್ಡಾಯ. ಮಕ್ಕಳ ಮೊದಲ ಕಾರಿಗೆ ಇದು ಇರಲೇಬೇಕು ಅಂತ ಅಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯೇ ಹೇಳ್ತದೆ. ವಿಪರೀತ ಪವರ್ ಇರೋ ಎಂಜಿನ್ ಬೇಡ, ತೀರಾ ಸಣ್ಣ ಕಾರೂ ಬೇಡ ಅನ್ನೋದೂ ಅವರ ಮಾತೇ.

ತಂಗಿ: ಹಂಗಾದ್ರೆ ಎತ್ತರದ ಜೀಪ್ ಥರದ್ದು? ಅವಳ ಅಪ್ಪನಿಗೆ ಅದರ ಮೇಲೇ ಕಣ್ಣು.

ಅಣ್ಣ: ಹೊಸ ಕೈಗೆ ಬೇಡ. ಎತ್ತರದ ಗಾಡಿ ಗಕ್ಕನೆ ತಿರುಗಿಸಿದ್ರೆ ಮಗುಚ್ತದೆ, ಬೋನೆಟ್ ಮುಂದೆ ಓಡಾಡೋ ಮಗು ಕಾಣಲ್ಲ. ಮಧ್ಯಮ ಗಾತ್ರದ್ದು, ಪೆಟ್ರೋಲ್, ಸಾಧಾರಣ ಎಂಜಿನ್. ಮುಂದುಗಡೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. 2017ರಲ್ಲೇ ಸರ್ಕಾರ ಅದನ್ನ ಬೇಡ ಅಂದಿದೆ, ಏರ್‌ಬ್ಯಾಗ್ ಬಿಚ್ಕೊಳ್ಳೋದಕ್ಕೆ ಅದೇ ಅಡ್ಡಿ. ಇನ್ನೊಂದು ಮಾತು, ನಂಜುಂಡೇಶ್ವರನ ಬೀದೀಲಿ ನಿಂತು ಹೇಳ್ತಿದ್ದೀನಿ, ತಪ್ಪು ತಿಳೀಬೇಡ. ಡ್ಯಾಶ್‌ಬೋರ್ಡಿನ ಎಡಗಡೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಮುಚ್ಚಳದ ಮೇಲೇ, ಅಂಟು ಹಾಕಿ ಕಲ್ಲಿನ ವಿಗ್ರಹ ಕೂರಿಸ್ತಾರೆ. ಏರ್‌ಬ್ಯಾಗ್ ಬಿಚ್ಕೊಳ್ಳೋದು ಕಣ್ಣು ಮಿಟುಕಿಸೋದರೊಳಗೆ. ಅದರ ಮೇಲಿರೋ ವಿಗ್ರಹ ಮುಖಕ್ಕೇ ಬಡಿಯುತ್ತೆ. ಭಕ್ತಿಗೆ ಒಂದು ಸಣ್ಣ ಪಟ ಸಾಕು, ಅದನ್ನ ಮೀಟರ್ ಪಕ್ಕ ಅಂಟಿಸು. ಸ್ವಾಮಿ ಅಲ್ಲೂ ಇರ್ತಾನೆ.

ತಂಗಿ: ಸರಿ. ಈ ಇಸವಿ, ಈ ಸ್ಟಾರು ಅಂದ್ರೆ ನಾಲ್ಕೈದು ಲಕ್ಷ ಬೇಕಲ್ಲಣ್ಣ.

ಅಣ್ಣ: ಬೇಕು. ಸನ್‌ರೂಫು, ದೊಡ್ಡ ಟಿವಿ ಪರದೆ, ಅಲಾಯ್ ವೀಲು ಇರೋ ಹಳೇದಕ್ಕಿಂತ ಅವೊಂದೂ ಇಲ್ಲದ ಈಚಿನದು ತಗೊ. ದುಡ್ಡು ಕೂಡಿಬರೋಕೆ ಇನ್ನಾರು ತಿಂಗಳು ಬೇಕಾದ್ರೆ ಕಾಯಿ. ಅಲ್ಲೀ ತನಕ ವಾರಕ್ಕೆ ಎರಡು ಸಲ ನಾನೇ ಬರ್ತೀನಿ, ನನ್ನ ಕಾರಲ್ಲಿ ನಿಮ್ಮತ್ತೇನ ಕರ್ಕೊಂಡು ಹೋಗೋಣ. ಎಲ್‌ಎಲ್‌ಆರ್ ಇರೋಳು ಓಡಿಸಬೇಕಾದ್ರೆ ಪಕ್ಕದಲ್ಲಿ ಡಿಎಲ್ ಇರೋರು ಕೂರಲೇಬೇಕು. ಆ ಪಕ್ಕದ ಸೀಟು ನಂದು. ಹಿಂದೆ ಮುಂದೆ ‘ಎಲ್’ ಬೋರ್ಡ್ ಕಟ್ಟೋದು ಮರೀಬೇಡಿ.

ತಂಗಿ: ನೀನು ಕೂತ್ರೆ ನಂಗೆ ಧೈರ್ಯ. ಡಿಎಲ್ ಬಂದ ಮೇಲೆ?

ಅಣ್ಣ: ಎಲ್‌ಎಲ್‌ಆರ್ ಆಗಿ ಮೂವತ್ತು ದಿನಕ್ಕೆ ಟೆಸ್ಟಿಗೆ ಹೋಗಬಹುದು ಅಂತ ಕಾನೂನು. ಮೂವತ್ತು ದಿನಕ್ಕೆ ಯಾರೂ ಡ್ರೈವರ್ ಆಗಲ್ಲ. ನ್ಯೂಜಿಲೆಂಡಲ್ಲಿ 1987ರಿಂದ ಹೊಸಬರಿಗೆ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಕೊಡ್ತಾರಂತೆ. ಮೊದಲು ರಾತ್ರಿ ಒಂಟಿಯಾಗಿ ಓಡಿಸಬಾರದು, ಸ್ನೇಹಿತರನ್ನ ತುಂಬ್ಕೊಂಡು ಹೋಗಬಾರದು. ಆಮೇಲೆ ಪೂರ್ತಿ ಲೈಸೆನ್ಸ್. ನಮ್ಮ ದೇಶದಲ್ಲಿ ಅಂಥ ಮೆಟ್ಟಿಲಿಲ್ಲ. ಮನೇಲೇ ಕಟ್ಟಬೇಕು. ಮೊದಲ ಆರು ತಿಂಗಳು ಕತ್ತಲಾದ ಮೇಲೆ ಕೀ ನಿನ್ನ ಕೈಲಿರಲಿ.

ತಂಗಿ: ರಾತ್ರಿ ಯಾಕೆ ಅಂತ ಅವಳು ಕೇಳೇ ಕೇಳ್ತಾಳೆ. ‘ರಾತ್ರಿ ಟ್ರಾಫಿಕ್ಕೇ ಇರಲ್ಲವಲ್ಲಮ್ಮ’ ಅಂತಾಳೆ.

ಅಣ್ಣ: ನನ್ನ ಹತ್ರ ಕಳಿಸು, ಹೇಳ್ತೀನಿ. ಅಳಗಂಚಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗೋ ಕಾಲ. ಒಂದ್ಸಲ ರಾತ್ರಿ ಎಂಟೂವರೆ ಇರಬೇಕು, ನನ್ನ ಮುಂದೆ ಒಂದು ಕಾರು ಹೋಗ್ತಿತ್ತು. ಎದುರಿಂದ ಲಾರಿ ಹೈಬೀಮ್ ಹಾಕ್ಕೊಂಡು ಬಂತು. ಲಾರಿ ದಾಟಿದ ಮೇಲೆ ನೋಡ್ತೀನಿ, ಕಾರಿನ ದೀಪವೇ ಇಲ್ಲ. ಕಬ್ಬು ತುಂಬಿದ ಟ್ರೇಲರ್ ರಸ್ತೆ ಪಕ್ಕ ನಿಂತಿತ್ತು, ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಒಂದು ಕಲ್ಲೂ ಇಟ್ಟಿರಲಿಲ್ಲ. ಕಾರು ಅದರ ಕೆಳಗೆ ಹೋಗಿತ್ತು. ಓಡಿಸ್ತಿದ್ದ ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಾನೂ ಕಂಡಕ್ಟರೂ ಸೇರಿ ಎಳೆದ್ವಿ. ಕಬ್ಬಿನ ಹಾಲು ಅವನ ಶರ್ಟಿನ ಮೇಲೆ ತೊಟ್ಟಿಕ್ತಾ ಇತ್ತು. ಆ ವಾಸನೆ ನಂಗೆ ಇವತ್ತಿಗೂ ಆಗಲ್ಲ ತಂಗಿ, ಮನೇಲಿ ಕಬ್ಬು ಮುರಿದ್ರೆ ಎದ್ದು ಹೊರಗೆ ಬರ್ತೀನಿ.

ತಂಗಿ: ನೀನು ಇದನ್ನ ಯಾವತ್ತೂ ಹೇಳಿರ್ಲಿಲ್ಲ.

ಅಣ್ಣ: ಹೇಳಿ ಏನು ಮಾಡ್ಲಿ. ನಿಮ್ಮೂರ ರಸ್ತೆ, ನಮ್ಮೂರ ರಸ್ತೆ ಎರಡೂ 766ನೇ ನಂಬರ್ ಹೈವೇನೇ. ಕೋಳಿಕೋಡಿಂದ ಬಂದು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ದಾಟಿ ಕೊಳ್ಳೇಗಾಲಕ್ಕೆ. ಹಗಲಲ್ಲಿ ಎತ್ತಿನಗಾಡಿ, ಕುರಿಮಂದೆ, ಶಾಲೆ ಮಕ್ಕಳು. ಅಮಾವಾಸ್ಯೆ ಬಂತು ಅಂದ್ರೆ ಮಾದಪ್ಪನ ಬೆಟ್ಟಕ್ಕೆ ಹೋಗೋ ಬರೋ ಗಾಡಿ, ಅದರಲ್ಲಿ ಅರ್ಧ ಡ್ರೈವರುಗಳು ನಿದ್ದೆ ಇಲ್ಲದೋರು. ಅಮಾವಾಸ್ಯೆ ಹಿಂದೆ ಮುಂದೆ ಮೊದಲ ವರ್ಷ ಅವಳನ್ನ ಆ ಕಡೆ ಬಿಡಲೇಬೇಡ.

ತಂಗಿ: ಬಿಡಲ್ಲ. ಇನ್ನೇನು ಹೇಳ್ಬೇಕು ಅವಳಿಗೆ?

ಅಣ್ಣ: ಫೋನು ಬ್ಯಾಗಲ್ಲಿ, ಬ್ಯಾಗು ಹಿಂದಿನ ಸೀಟಲ್ಲಿ. ಸ್ಟಿಯರಿಂಗಿಗೂ ಎದೆಗೂ ಒಂದು ಗೇಣಿಗಿಂತ ಜಾಸ್ತಿ ಅಂತರ ಇರಲಿ. ಕುಳ್ಳಗಿದ್ದಾಳೆ ಅಂತ ಸ್ಟಿಯರಿಂಗಿಗೆ ಅಂಟ್ಕೊಂಡು ಕೂರಬಾರದು, ಸೀಟು ಎತ್ತರಿಸಿಕೊಳ್ಲಿ. ಬ್ರೇಕ್ ಹಾಕೋದನ್ನ ನಾನೇ ಕಲಿಸ್ತೀನಿ. ಎಬಿಎಸ್ ಇರೋ ಕಾರಲ್ಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಪೆಡಲ್ಲು ಪಾದದ ಕೆಳಗೆ ಗಡಗಡ ಅಂತ ನಡುಗ್ತದೆ. ಹೊಸಬರು ಏನೋ ಮುರೀತು ಅಂತ ಹೆದರಿ ಕಾಲು ಎತ್ತಿಬಿಡ್ತಾರೆ. ಎತ್ತಬಾರದು. ಒತ್ತಿ ಹಿಡೀಬೇಕು, ಹಿಡ್ಕೊಂಡೇ ಸ್ಟಿಯರಿಂಗ್ ತಿರುಗಿಸಬೇಕು. ಸುತ್ತೂರು ಜಾತ್ರೆ ಮೈದಾನ ಈಗ ಖಾಲಿ ಇರ್ತದೆ. ಬರೋ ಭಾನುವಾರ ಬೆಳಿಗ್ಗೆ ಆರೂವರೆಗೆ ಅವಳನ್ನ ಕಳಿಸು, ನಲವತ್ತರಲ್ಲಿ ಓಡಿಸಿ ಇಪ್ಪತ್ತು ಸಲ ಬ್ರೇಕ್ ಹಾಕಿಸ್ತೀನಿ. ಆ ನಡುಕ ಕಾಲಿಗೆ ಅಭ್ಯಾಸ ಆಗಬೇಕು.

ತಂಗಿ: ನಾನೂ ಬರ್ತೀನಣ್ಣ. ನಲವತ್ತೈದು ಆಯ್ತು, ನಂಗೂ ಒಂದು ಎಲ್‌ಎಲ್‌ಆರ್ ಮಾಡಿಸಿಕೊಡು.

ಅಣ್ಣ: ಬಾ, ಇಬ್ಬರಿಗೂ ಕಲಿಸ್ತೀನಿ. ಈಗ ಆ ಕೀ ತಗೊ, ಹೊತ್ತಿರೋವಾಗಲೇ ವಾಪಸ್ ಕೊಟ್ಟು ಬಾ. ನಿಮ್ಮ ಸ್ಕೂಲಲ್ಲಿ ಯಾರಾದ್ರೂ ಮಕ್ಕಳಿಗೆ ಹಳೇ ಕಾರು ಹುಡುಕ್ತಿದ್ರೆ ಅವರಿಗೂ ಹೇಳು. ದುಡ್ಡು ಎಣಿಸೋದಕ್ಕೆ ಮುಂಚೆ ಕೀ ಆನ್ ಮಾಡಿ, ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ ಆರೋದನ್ನ ಕಣ್ಣಾರೆ ನೋಡಲಿ.